ಕಾರಣ ಹೇಳದ ಆಜ್ಞೆ

1897ರ ಜುಲೈ 27ರ ರಾತ್ರಿ ಬಾಳ ಗಂಗಾಧರ ತಿಲಕರನ್ನು ಪೊಲೀಸರು ಬೊಂಬಾಯಿಯಲ್ಲಿ ಹಿಡಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಪುಣೆಯಲ್ಲಿ ಇನ್ನಿಬ್ಬರು ಮನೆಯಿಂದ ಕಾಣೆಯಾದರು. ಹರಿ ರಾಮಚಂದ್ರ ನಾತು, ಬಳವಂತ ರಾಮಚಂದ್ರ ನಾತು. ಊರಿಗೆ ಅವರು ತಾತ್ಯಾಸಾಹೇಬ, ಬಾಳಾಸಾಹೇಬ; ದಖನ್ನಿನ ಸರದಾರರ ಪಟ್ಟಿಯಲ್ಲಿದ್ದ ಸ್ಥಿತಿವಂತ ಚಿತ್ಪಾವನ ಮನೆತನ. ಅವರನ್ನು ಪುಣೆಯಿಂದ ದೂರದ ಜೈಲುಗಳಿಗೆ ಒಯ್ದರು, ಆಸ್ತಿಪಾಸ್ತಿಯನ್ನು ಜಪ್ತಿ ಮಾಡಿದರು.

ತಿಲಕರ ಕಥೆ ಶಾಲೆಯ ಪುಸ್ತಕದಲ್ಲಿದೆ, ನಾತು ಸಹೋದರರದ್ದು ಇಲ್ಲ. ಆದರೆ ಸರಕಾರ ಒಬ್ಬ ಮನುಷ್ಯನನ್ನು ಊರಿನಿಂದಲೋ ದೇಶದಿಂದಲೋ ಎತ್ತಿ ಹೊರಗೆ ಹಾಕಿದಾಗ ನ್ಯಾಯಾಲಯಕ್ಕೆ ಎಷ್ಟರಮಟ್ಟಿಗೆ ಕೈ ಚಾಚಲು ಸಾಧ್ಯ ಎಂದು ತಿಳಿಯಬೇಕಾದವರು ತಿಲಕರನ್ನು ಬಿಟ್ಟು ಈ ಅಣ್ಣತಮ್ಮಂದಿರ ಹಿಂದೆ ಹೋಗಬೇಕು. ತಿಲಕರ ಮೇಲೆ ಒಂದು ಕಲಮಿತ್ತು, ರಾಜದ್ರೋಹ. ಸಾಕ್ಷ್ಯಕ್ಕೆ 'ಕೇಸರಿ'ಯ ಬರಹಗಳಿದ್ದವು. ಸೆಪ್ಟೆಂಬರ್ 8ರಿಂದ ಬೊಂಬಾಯಿ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಸ್ಟ್ರೇಚಿ ವಿಚಾರಣೆ ನಡೆಸಿದರು. ಒಂಬತ್ತು ಜನ ಜ್ಯೂರಿಯಲ್ಲಿ ಆರು ಯುರೋಪಿಯನ್ನರು ಅಪರಾಧಿ ಎಂದರು, ಮೂವರು ಭಾರತೀಯರು ಅಲ್ಲವೆಂದರು, 18 ತಿಂಗಳ ಶಿಕ್ಷೆಯಾಯಿತು. ತೀರ್ಪು ಅನ್ಯಾಯದ್ದೇ ಇರಲಿ, ಬೈಯಲಿಕ್ಕಾದರೂ ಅಲ್ಲೊಂದು ತೀರ್ಪಿತ್ತು. ಶಿಕ್ಷೆಗೆ ಒಂದು ಕೊನೆಯ ದಿನವಿತ್ತು. ನಾತುಗಳಿಗೆ ಆರೋಪವೂ ಇಲ್ಲ, ವಕೀಲನೂ ಇಲ್ಲ, ಬಿಡುಗಡೆಯ ತಾರೀಖೂ ಇಲ್ಲ.

ಅದಕ್ಕೆ ಮೊದಲು ಪುಣೆಯಲ್ಲಿ ನಡೆದದ್ದನ್ನು ಹೇಳಬೇಕು. 1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯ ಮಾಂಡವಿಯಲ್ಲಿ ಡಾ. ಅಕಾಸಿಯೊ ವೀಗಾಸ್ ಪ್ಲೇಗನ್ನು ಗುರುತಿಸಿದರು. ವರ್ಷ ಮುಗಿಯುವಷ್ಟರಲ್ಲಿ ಅದು ಘಟ್ಟ ಹತ್ತಿ ಪುಣೆಗೆ ಬಂದಿತ್ತು. 1897ರ ಫೆಬ್ರವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂತು. ಕೊರೋನಾ ಕಾಲದಲ್ಲಿ ನಾವೆಲ್ಲ ಹೆಸರು ಕೇಳಿದ ಅದೇ ಹಳೆಯ ಕಾಯಿದೆ. ಸಾತಾರಾದಲ್ಲಿದ್ದ ಐ.ಸಿ.ಎಸ್. ಅಧಿಕಾರಿ ವಾಲ್ಟರ್ ರ‍್ಯಾಂಡ್‌ನನ್ನು ಪುಣೆಯ ಪ್ಲೇಗ್ ಸಮಿತಿಗೆ ಮುಖ್ಯಸ್ಥನನ್ನಾಗಿ ತಂದರು. ಮಾರ್ಚ್ ನಡುವಿನಿಂದ ಮೇ ತಿಂಗಳವರೆಗೆ ಗೋರಾ ಸೈನಿಕರು ಮನೆಮನೆ ಹೊಕ್ಕು ಶೋಧಿಸಿದರು. ದೇವರ ಮನೆಗೆ ಬೂಟಿನಲ್ಲಿ ನಡೆದರು, ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ತಪಾಸಣೆ ಮಾಡಿದರು, ಸಾಮಾನುಗಳನ್ನು ಸುಟ್ಟರು ಎಂಬ ದೂರುಗಳೆದ್ದವು. ದೂರು ಬರೆದವರಲ್ಲಿ ಬಾಳಾಸಾಹೇಬ ನಾತು ಒಬ್ಬರು. ರೋಗ ತಡೆಯುವ ಆತುರ ನಿಜವಾದದ್ದೇ, ಸೈನ್ಯದ ದರ್ಪವೂ ಅಷ್ಟೇ ನಿಜ. ಈ ಎರಡರಲ್ಲಿ ಒಂದನ್ನು ಮಾತ್ರ ಹೇಳುವ ಇತಿಹಾಸಗಳು ನನಗೆ ರುಚಿಸುವುದಿಲ್ಲ.

ಜೂನ್ 22ರಂದು ವಿಕ್ಟೋರಿಯಾ ರಾಣಿ ಪಟ್ಟವೇರಿದ್ದರ ವಜ್ರ ಮಹೋತ್ಸವ. ಗಣೇಶಖಿಂಡದ ಗವರ್ನರ್ ಬಂಗಲೆಯಲ್ಲಿ ಔತಣ ಮುಗಿಸಿ ಗಾಡಿಯಲ್ಲಿ ಹೊರಟ ರ‍್ಯಾಂಡ್ ಮತ್ತು ಲೆಫ್ಟಿನೆಂಟ್ ಆಯರ್ಸ್ಟ್ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದರು. ಆಯರ್ಸ್ಟ್ ಅಲ್ಲೇ ಸತ್ತ, ರ‍್ಯಾಂಡ್ ಜುಲೈ 3ರಂದು. ಕೊಲೆಗಾರರು ಯಾರೆಂದು ಸರಕಾರಕ್ಕೆ ಆಗಿನ್ನೂ ಗೊತ್ತಿರಲಿಲ್ಲ. ಹಿಡಿದುಕೊಟ್ಟವರಿಗೆ 20,000 ರೂಪಾಯಿ ಬಹುಮಾನ ಸಾರಿದರು; ಹೆಚ್ಚುವರಿ ಪೊಲೀಸ್ ಪಡೆಯನ್ನು ಊರಿನ ಖರ್ಚಿನಲ್ಲೇ ಊರಿನ ಮೇಲೆ ಕೂರಿಸಿದರು. ಆರೋಪಿ ಸಿಗದೆ ಇದ್ದಾಗ ಸರಕಾರಕ್ಕೆ ಯಾರನ್ನಾದರೂ ಹಿಡಿಯಬೇಕಾಗಿತ್ತು. ನಾತುಗಳಿಗೂ ಕೊಲೆಗೂ ಸಂಬಂಧವಿದೆ ಎಂದು ಕೋರ್ಟಿಗೆ ತೋರಿಸುವಂಥದ್ದು ಏನೂ ಕೈಯಲ್ಲಿರಲಿಲ್ಲ. ಹಾಗಾಗಿ ಅಧಿಕಾರಿಗಳು ಕೋರ್ಟು ಬೇಡದ ಒಂದು ಶಾಸನವನ್ನು ಕಪಾಟಿನಿಂದ ತೆಗೆದರು. ಅದಕ್ಕೆ ಆಗಲೇ ಎಪ್ಪತ್ತು ವರ್ಷ.

1827ರ ಬೊಂಬಾಯಿ ರೆಗ್ಯುಲೇಷನ್ 25. ಇದರ ತಾಯಿ ಬಂಗಾಳದ 1818ರ ರೆಗ್ಯುಲೇಷನ್ 3, ಅಕ್ಕ 1819ರ ಮದರಾಸಿನ ರೆಗ್ಯುಲೇಷನ್ 2. ಮೂರರ ಹುರುಳೂ ಒಂದೇ. ರಾಜ್ಯದ ಹಿತದ ಕಾರಣಕ್ಕೆ ಕೆಲವರನ್ನು ಬಂಧಿಸಿಡಬೇಕಾಗುತ್ತದೆ. ಅವರ ಮೇಲೆ ಮೊಕದ್ದಮೆ ಹೂಡುವಷ್ಟು ಆಧಾರ ಇಲ್ಲದಿರಬಹುದು, ಇದ್ದರೂ ಹೂಡುವುದು ಯುಕ್ತವಲ್ಲದಿರಬಹುದು. ಆಧಾರವಿಲ್ಲ ಎಂಬುದನ್ನು ಪೀಠಿಕೆಯಲ್ಲೇ ಒಪ್ಪಿಕೊಂಡು, ಅದನ್ನೇ ಅಧಿಕಾರದ ಮೂಲ ಮಾಡಿಕೊಂಡ ಶಾಸನ. ಕೈದಿಯ ಆರೋಗ್ಯದ ವರದಿ, ಅವನ ಮನೆಯವರಿಗೆ ಜೀವನಾಂಶ, ಜಮೀನಿನ ಜಪ್ತಿ, ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ನ್ಯಾಯಾಧೀಶನಿಗೆ ಮಾತ್ರ ಇರಲಿಲ್ಲ.

ಈ ರೆಗ್ಯುಲೇಷನ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಗವರ್ನರನಾಗಿದ್ದಾಗ ರೂಪಿಸಿದ ಕಾನೂನು ಸಂಹಿತೆಯ ಭಾಗ. ಗವರ್ನರನಾಗುವ ಮೊದಲು ಅವನು ಪುಣೆಯಲ್ಲಿ ಪೇಶ್ವೆಯ ದರಬಾರಿನ ಬ್ರಿಟಿಷ್ ರೆಸಿಡೆಂಟ್. 1817ರ ನವೆಂಬರಿನಲ್ಲಿ ಖಡಕಿಯ ಯುದ್ಧ ಮುಗಿದು ಪೇಶ್ವೆ ಬಾಜೀರಾಯ ಓಡಿದ ಮೇಲೆ ಶನಿವಾರವಾಡೆಯ ಮೇಲೆ ಇಂಗ್ಲಿಷರ ನಿಶಾನೆ ಏರಿಸಿದವನು ಎಂದು ಪುಣೆ ಇಂದಿಗೂ ಶಪಿಸುವ ಹೆಸರು ಬಾಳಾಜಿಪಂತ ನಾತು, ಎಲ್ಫಿನ್‌ಸ್ಟನ್ನನ ನೆಚ್ಚಿನ ಸಹಾಯಕ. ಕಂಪನಿಗೆ ನಿಷ್ಠೆ ತೋರಿ ಇನಾಮು ಪಡೆದ ಆ ಮನೆತನದ ಕುಡಿಗಳೇ ತಾತ್ಯಾಸಾಹೇಬ ಮತ್ತು ಬಾಳಾಸಾಹೇಬ. ಪೂರ್ವಜ ನೆರವಾದ ಸಾಹೇಬನ ಶಾಸನದಲ್ಲೇ ವಂಶದವರು ಜೈಲಿಗೆ ಹೋದರು. ಕಾದಂಬರಿಯಲ್ಲಿ ಬರೆದರೆ ಅತಿಯಾಯಿತು ಅನ್ನಿಸುವಂಥದ್ದು.

ಅವರು ಹೈಕೋರ್ಟಿಗೆ ಹೋಗಬಹುದಿತ್ತಲ್ಲ? ಉತ್ತರವನ್ನು ಕಲ್ಕತ್ತ 27 ವರ್ಷ ಮೊದಲೇ ಕೊಟ್ಟುಬಿಟ್ಟಿತ್ತು. ವಹಾಬಿ ಚಳವಳಿಗೆ ನೆರವಾದರೆಂಬ ಸಂಶಯದ ಮೇಲೆ ಅಮೀರ್ ಖಾನ್ ಎಂಬ ಚರ್ಮದ ವ್ಯಾಪಾರಿಯನ್ನು 1818ರ ರೆಗ್ಯುಲೇಷನ್ ಅಡಿಯಲ್ಲಿ ಹಿಡಿದಿಟ್ಟಿದ್ದರು. 1870ರಲ್ಲಿ ಅವನ ಪರವಾಗಿ ಬೊಂಬಾಯಿಯಿಂದ ಹೋದ ಬ್ಯಾರಿಸ್ಟರ್ ಥಾಮಸ್ ಚಿಸಮ್ ಆನ್‌ಸ್ಟಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ. ಇವನು 1862ರ ಮಹಾರಾಜ ಮಾನನಷ್ಟ ಮೊಕದ್ದಮೆಯಲ್ಲಿ ಹೆಸರು ಮಾಡಿದ್ದ ಜಗಳಗಂಟ ವಕೀಲ. ರಾಣಿಯ ಪ್ರಜೆಯನ್ನು ಆರೋಪವಿಲ್ಲದೆ ಕೂಡಿಹಾಕುವ ಹಕ್ಕು ವೈಸರಾಯನಿಗೂ ಇಲ್ಲ ಎಂದು ಅವನು ಗುಡುಗಿದ ಭಾಷಣ ಪುಸ್ತಿಕೆಯಾಗಿ ಮಾರಾಟವಾಯಿತು, ಮುಂದಿನ ತಲೆಮಾರಿನ ಬಂಗಾಳಿ ರಾಷ್ಟ್ರೀಯವಾದಿಗಳು ಅದನ್ನು ಓದಿ ಬೆಳೆದರು. ನ್ಯಾಯಮೂರ್ತಿ ನಾರ್ಮನ್ ಅರ್ಜಿಯನ್ನು ತಳ್ಳಿದರು. ಅಪಾಯದ ಕಾಲದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟೇ ಹೇಬಿಯಸ್ ಕಾರ್ಪಸ್ಸನ್ನು ತಡೆಹಿಡಿದದ್ದುಂಟು, ಇಲ್ಲಿನ ಶಾಸಕರೂ ಹಾಗೆ ಮಾಡಬಹುದು ಎಂಬುದು ಅವರ ವಾದದ ತಿರುಳು. ಅಲ್ಲಿ ತಡೆ ತಾತ್ಕಾಲಿಕ, ಇಲ್ಲಿ ಶಾಶ್ವತ. ಈ ಅಂತರ ಅವರಿಗೆ ದೊಡ್ಡದಾಗಿ ಕಾಣಲಿಲ್ಲ.

ನಾತುಗಳು ಬಂಧನದಲ್ಲಿದ್ದಾಗಲೇ, 1898ರಲ್ಲಿ, ಹೊಸ ದಂಡ ಪ್ರಕ್ರಿಯಾ ಸಂಹಿತೆ ಬಂತು. ಅದರ 491ನೇ ಕಲಮು ಅಕ್ರಮ ಬಂಧನದಲ್ಲಿರುವವರನ್ನು ತನ್ನ ಮುಂದೆ ಕರೆಸುವ ಅಧಿಕಾರವನ್ನು ಹೈಕೋರ್ಟಿಗೆ ಕೊಟ್ಟಿತು. ಕೊಟ್ಟು, ಕೊನೆಯಲ್ಲಿ ಬಂಗಾಳ, ಮದರಾಸು, ಬೊಂಬಾಯಿಯ ಆ ಮೂರು ರೆಗ್ಯುಲೇಷನ್‌ಗಳ ಕೈದಿಗಳಿಗೆ ಇದು ಅನ್ವಯಿಸುವುದಿಲ್ಲ ಎಂದಿತು. ಕೋರ್ಟಿನ ದಾರಿ ಮೊದಲಿನಿಂದಲೂ ಮುಚ್ಚಿದ್ದರಿಂದ ಪ್ರಶ್ನೆಗಳೆಲ್ಲ ಅದರ ಹೊರಗೇ ಎದ್ದವು. 1897ರ ಡಿಸೆಂಬರಿನಲ್ಲಿ ಅಮರಾವತಿಯಲ್ಲಿ ಸಿ. ಶಂಕರನ್ ನಾಯರ್ ಅಧ್ಯಕ್ಷತೆಯ ಕಾಂಗ್ರೆಸ್ ಈ ಬಂಧನವನ್ನು ಖಂಡಿಸಿತು. ಲಂಡನ್ನಿನ ಕಾಮನ್ಸ್ ಸಭೆಯಲ್ಲಿ ಕೆಲವು ಸದಸ್ಯರು ಭಾರತ ಸಚಿವ ಲಾರ್ಡ್ ಜಾರ್ಜ್ ಹ್ಯಾಮಿಲ್ಟನ್ನನ್ನು ಕೇಳಿದರು, ಕೇಳುತ್ತಲೇ ಇದ್ದರು. ಈ ನಡುವೆ ದಾಮೋದರ ಚಾಪೇಕರ ಸಿಕ್ಕಿಬಿದ್ದ, ತಪ್ಪೊಪ್ಪಿಕೊಂಡ, 1898ರ ಏಪ್ರಿಲ್ 18ರಂದು ಯೆರವಡಾದಲ್ಲಿ ಗಲ್ಲಿಗೇರಿದ. ಅದೇ ಸೆಪ್ಟೆಂಬರ್ 6ರಂದು ತಿಲಕರು ಅವಧಿಗೆ ಮುಂಚೆಯೇ ಹೊರಬಂದರು. ಕೊಂದವನಿಗೆ ವಿಚಾರಣೆ ನಡೆಯಿತು, ಬರೆದವನಿಗೂ ನಡೆಯಿತು. ಏನು ಮಾಡಿದರೆಂದೇ ಗೊತ್ತಾಗದ ನಾತುಗಳಿಗೆ ಆಗಲೂ ಬಿಡುಗಡೆ ಆಗಿರಲಿಲ್ಲ. ಮುಂದೆ ಅವರನ್ನು ಬಿಟ್ಟರು. ಆರೋಪಪಟ್ಟಿ ಮಾತ್ರ ಎಂದೂ ಹುಟ್ಟಲಿಲ್ಲ.

ನನಗೆ ಇಲ್ಲಿ ಕಾಣುವುದು ಇದು: ಸರಕಾರ ನಾತುಗಳ ಕೃತ್ಯವನ್ನು ಸಾಬೀತು ಮಾಡಬೇಕಾಗಿರಲಿಲ್ಲ, ಅವರನ್ನು ಒಂದು ವರ್ಗಕ್ಕೆ ಸೇರಿಸಿದರೆ ಸಾಕಾಗಿತ್ತು. 'ರಾಜ್ಯದ ಕೈದಿ' ಎಂಬ ಚೀಟಿ ಅಂಟಿದೊಡನೆ ಕೋರ್ಟು ಕೈಕಟ್ಟಿ ನಿಲ್ಲುತ್ತಿತ್ತು. ಗಡೀಪಾರಿನ ಮುಂದಿನ ಇತಿಹಾಸವೆಲ್ಲ ಈ ಚೀಟಿಯದ್ದೇ. ಅದನ್ನು ಯಾರು ಅಂಟಿಸಬಹುದು, ಸರಿಯಾಗಿ ಅಂಟಿದೆಯೇ ಎಂದು ಯಾರು ನೋಡಬಹುದು ಎಂಬ ಜಗಳದ್ದು.

ಇನ್ನೊಂದು ಚೀಟಿ ಆಗಲೇ ತಯಾರಿತ್ತು: 'ವಿದೇಶಿ'. 1864ರ ವಿದೇಶಿಯರ ಕಾಯಿದೆ ಬ್ರಿಟಿಷ್ ಇಂಡಿಯಾದಿಂದ ಯಾವ ವಿದೇಶಿಯನ್ನಾದರೂ ಹೊರಹೋಗು ಎನ್ನುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. ಅದರ ಪ್ರಕಾರ ರಾಣಿಯ ಜನ್ಮಜಾತ ಪ್ರಜೆಯೂ ಅಲ್ಲದ, ಬ್ರಿಟಿಷ್ ಇಂಡಿಯಾದ ಮೂಲದವನೂ ಅಲ್ಲದ ಯಾರೇ ಆಗಲಿ ವಿದೇಶಿ. ಅಕ್ಷರ ಹಿಡಿದು ಓದಿದರೆ ತಮಾಷೆಯಾಗಿದೆ. ಧಾರವಾಡದವನು ಪುಣೆಗೆ ಓದಲು ಹೋದರೆ ಸ್ವದೇಶಿ, ಅದೂ ಬೊಂಬಾಯಿ ಪ್ರಾಂತ್ಯ ಇದೂ ಬೊಂಬಾಯಿ ಪ್ರಾಂತ್ಯ. ಜಮಖಂಡಿಯವನೋ ಮುಧೋಳದವನೋ ಮೈಸೂರಿನವನೋ ಹೋದರೆ ಸಂಸ್ಥಾನಿಕರ ಪ್ರಜೆ, ಕಾಯಿದೆಯ ಕಣ್ಣಲ್ಲಿ ವಿದೇಶಿ. ಪುಣೆಯ ಮಗ್ಗುಲಲ್ಲೇ ಇದ್ದ ಭೋರ್ ಸಂಸ್ಥಾನದವನ ಗತಿಯೂ ಅದೇ.

ಕೆಲವೊಮ್ಮೆ ಚೀಟಿಯ ಅಗತ್ಯವೂ ಬೀಳಲಿಲ್ಲ. 'ಬಾಂಬೆ ಕ್ರಾನಿಕಲ್' ಸಂಪಾದಕ ಬೆಂಜಮಿನ್ ಹಾರ್ನಿಮನ್ ಅಪ್ಪಟ ಇಂಗ್ಲೆಂಡಿನವನು. ರೌಲತ್ ಕಾಯಿದೆಯ ವಿರುದ್ಧ, ಪಂಜಾಬಿನ ಘಟನೆಗಳ ಬಗ್ಗೆ ಅವನ ಪತ್ರಿಕೆ ಬರೆಯುತ್ತಿತ್ತು. 1919ರ ಏಪ್ರಿಲ್ 26ರಂದು ಭಾರತ ರಕ್ಷಣಾ ನಿಯಮಗಳಡಿಯಲ್ಲಿ ಅವನನ್ನು ಹಡಗು ಹತ್ತಿಸಿ ಅವನ ಸ್ವಂತ ದೇಶಕ್ಕೇ ಗಡೀಪಾರು ಮಾಡಿದರು. ಮರಳಿ ಬರಲು ಪಾಸ್‌ಪೋರ್ಟ್ ಕೊಡಲಿಲ್ಲ. ಅವನು 1926ರಲ್ಲಿ ಹೇಗೋ ದಾರಿ ಮಾಡಿಕೊಂಡು ವಾಪಸು ಬಂದ. ಅಷ್ಟು ಹೊತ್ತಿಗೆ ರಕ್ಷಣಾ ನಿಯಮಗಳ ಕಾಲ ಮುಗಿದುಹೋಗಿತ್ತು, ಮತ್ತೆ ಅಟ್ಟಲಾಗಲಿಲ್ಲ.

1950ರಲ್ಲಿ ಸಂವಿಧಾನ ಬಂದಾಗ ಕೋರ್ಟಿನ ಕೈ ಉದ್ದವಾಯಿತು. ಸುಪ್ರೀಂ ಕೋರ್ಟಿಗೆ 32ನೇ ವಿಧಿ, ಹೈಕೋರ್ಟುಗಳಿಗೆ 226ನೇ ವಿಧಿ. ಸಮಾನತೆಯ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ ನೆಲದ ಮೇಲಿರುವ ಎಲ್ಲರಿಗೂ ಸಿಗುತ್ತವೆ. ದೇಶದೊಳಗೆ ಓಡಾಡುವ, ನೆಲೆಸುವ 19ನೇ ವಿಧಿ ಪೌರರಿಗೆ ಮಾತ್ರ. ಮೊದಲ ಪರೀಕ್ಷೆ ಬೇಗ ಬಂತು. ದೇಶ ವಿಭಜನೆಯ ಗದ್ದಲದಲ್ಲಿ ಪಾಕಿಸ್ತಾನಕ್ಕೆ ಹೋಗಿ ಪರ್ಮಿಟ್ಟಿಲ್ಲದೆ ಮರಳಿದವರನ್ನು ಹೊರಹಾಕಲು 1949ರ ಒಂದು ಕಾಯಿದೆ ಇತ್ತು. ಅದರ 7ನೇ ಕಲಮಿನ ಪ್ರಕಾರ ತಪ್ಪಿನ ಸಂಶಯವಿದ್ದರೂ ಸಾಕು, ಭಾರತದ ಪೌರನನ್ನೇ ದೇಶದಿಂದ ತೆಗೆದುಹಾಕಬಹುದಿತ್ತು. 1954ರಲ್ಲಿ ಇಬ್ರಾಹಿಂ ವಜೀರ್ ಮಾವತ್ ವಿರುದ್ಧ ಬೊಂಬಾಯಿ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಆ ಕಲಮನ್ನು ರದ್ದು ಮಾಡಿತು. ಪರ್ಮಿಟ್ ನಿಯಮ ಮುರಿದ ತಪ್ಪಿಗೆ ಪೌರತ್ವದ ಬೇರನ್ನೇ ಕೀಳಲಾಗದು, ಅದೂ ಅಧಿಕಾರಿಯೊಬ್ಬನ ಸಂಶಯದ ಮೇಲೆ. ನ್ಯಾಯಮೂರ್ತಿ ಎಸ್.ಆರ್. ದಾಸ್ ಮಾತ್ರ ಒಪ್ಪಲಿಲ್ಲ.

ಒಂದೇ ವರ್ಷ ಕಳೆದು, 1955ರ ಫೆಬ್ರವರಿ 23ರಂದು, ಎದುರು ದಂಡೆಯ ತೀರ್ಪು ಬಂತು. ಹಾನ್ಸ್ ಮುಲ್ಲರ್ ಪಶ್ಚಿಮ ಜರ್ಮನಿಯವನು. 1954ರ ಸೆಪ್ಟೆಂಬರಿನಲ್ಲಿ ಪಶ್ಚಿಮ ಬಂಗಾಳ ಸರಕಾರ, ದೇಶದಿಂದ ಹೊರಹಾಕುವ ಏರ್ಪಾಟು ಮಾಡುವವರೆಗೆ ಎಂದು, ಮುನ್ನೆಚ್ಚರಿಕೆಯ ಬಂಧನದ ಕಾಯಿದೆಯಡಿ ಅವನನ್ನು ಕಲ್ಕತ್ತದ ಪ್ರೆಸಿಡೆನ್ಸಿ ಜೈಲಿಗೆ ಹಾಕಿತ್ತು. ಅವನ ಮೇಲೆ ಜರ್ಮನಿಯಲ್ಲಿ ವಾರಂಟ್ ಇತ್ತು, ಅಲ್ಲಿನ ಕಾನ್ಸುಲ್ ಪತ್ರ ಬರೆದಿದ್ದ. ಅಪರಾಧಿಗಳ ಹಸ್ತಾಂತರಕ್ಕೆ ಕೋರ್ಟಿನ ದಾರಿಯೇ ಬೇರೆ ಇದೆ, ಅದನ್ನು ತಪ್ಪಿಸಿ ಗಡೀಪಾರಿನ ಹೆಸರಲ್ಲಿ ನನ್ನನ್ನು ಜರ್ಮನರ ಕೈಗೆ ಒಪ್ಪಿಸುತ್ತಿದ್ದೀರಿ ಎಂಬುದು ಮುಲ್ಲರನ ತಕರಾರು. ಒಳ್ಳೆಯ ತಕರಾರು.

ತೀರ್ಪು ಬರೆದವರು ನಾಗಪುರದಿಂದ ಬಂದ ನ್ಯಾಯಮೂರ್ತಿ ವಿವಿಯನ್ ಬೋಸ್, ವ್ಯಕ್ತಿಸ್ವಾತಂತ್ರ್ಯದ ಪಕ್ಷಪಾತಿ ಎಂದು ಹೆಸರಾದವರು. ಅವರೇ ಇಲ್ಲಿ ಬಾಗಿಲನ್ನು ಗಟ್ಟಿಯಾಗಿ ಮುಚ್ಚಿದರು. ಹಸ್ತಾಂತರದಲ್ಲಿ ಮನುಷ್ಯ ಕೈದಿಯಾಗಿಯೇ ಆ ದೇಶ ಮುಟ್ಟುತ್ತಾನೆ. ಗಡೀಪಾರಾದವನು ಗಡಿ ದಾಟಿದ ಮೇಲೆ ಸ್ವತಂತ್ರ. ಎರಡೂ ಬೇರೆ, ಯಾವುದನ್ನು ಆರಿಸಬೇಕೆಂಬುದು ಸರಕಾರಕ್ಕೆ ಬಿಟ್ಟದ್ದು. 1946ರ ವಿದೇಶಿಯರ ಕಾಯಿದೆ ಹೊರಹಾಕುವ ಪೂರ್ಣ, ಅನಿರ್ಬಂಧಿತ ವಿವೇಚನೆಯನ್ನು ಕೇಂದ್ರಕ್ಕೆ ಕೊಟ್ಟಿದೆ, ಸಂವಿಧಾನ ಅದಕ್ಕೆ ಲಗಾಮು ಹಾಕಿಲ್ಲ. ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟರೆ ಸ್ವತಂತ್ರ ಭಾರತದ ಗಡೀಪಾರು ಕಾನೂನಿನ ನಕಾಶೆ ಮುಗಿಯಿತು. ಪೌರನಾದರೆ ಯಾರೂ ಹೊರಹಾಕಲಾರರು, ವಿದೇಶಿಯಾದರೆ ಯಾರೂ ತಡೆಯಲಾರರು. ನಡುವಿನ ಗೆರೆಯ ಮೇಲೆ ನಿಂತವನೋ? 1946ರ ಕಾಯಿದೆಯ 9ನೇ ಕಲಮು, ತಾನು ವಿದೇಶಿಯಲ್ಲ ಎಂದು ತೋರಿಸುವ ಹೊಣೆಯನ್ನು ಅವನ ತಲೆಗೇ ಕಟ್ಟಿತ್ತು.

ಮುಲ್ಲರ್ ತೀರ್ಪಿನ ನೆರಳು ಉದ್ದ. 1937ರಲ್ಲಿ ಬೆಲ್ಜಿಯಂನಿಂದ ಬಂದು ಮಿಷನರಿಯಾಗಿ ಅರ್ಧ ಶತಮಾನ ಇಲ್ಲೇ ಕಳೆದ ಲೂಯಿ ಡಿ ರೇಟ್‌ಗೆ 1987ರಲ್ಲಿ ದೇಶ ಬಿಡುವಂತೆ ಆಜ್ಞೆಯಾಯಿತು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಅರ್ಜಿಯನ್ನು ತಳ್ಳಿತು: 21ನೇ ವಿಧಿ ವಿದೇಶಿಗೂ ಉಂಟು, ಆದರೆ ಅದರೊಳಗೆ ಇಲ್ಲಿ ನೆಲೆಸುವ ಹಕ್ಕು ಇಲ್ಲ, ವಿದೇಶಿಯನ್ನು ಹೊರಹಾಕುವ ಮುಂಚೆ ಅವನ ಮಾತನ್ನು ಹೇಗೆ ಕೇಳಬೇಕೆಂಬುದಕ್ಕೆ ಕಟ್ಟುನಿಟ್ಟಾದ ಸೂತ್ರವೂ ಇಲ್ಲ. ಐವತ್ತು ವರ್ಷ ಒಂದೇ ನೆಲದಲ್ಲಿ ಬದುಕಿದವನಿಗೆ ಇಷ್ಟೇ ಉತ್ತರ ಸಾಕೇ? ಕಾನೂನಿನ ಲೆಕ್ಕದಲ್ಲಿ ಸರಿಯಿರಬಹುದು. ನನಗೆ ಒಪ್ಪುವುದಿಲ್ಲ.

ರ‍್ಯಾಂಡ್ ಕೊನೆಯ ಔತಣ ಉಂಡು ಹೊರಟ ಗಣೇಶಖಿಂಡದ ಆ ಗವರ್ನರ್ ಬಂಗಲೆ ಈಗ ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ. ಪುಣೆಗೆ ಇರಾನ್, ಆಫ್ಘಾನಿಸ್ತಾನ, ಆಫ್ರಿಕಾ ಖಂಡದ ದೇಶಗಳಿಂದ ವಿದ್ಯಾರ್ಥಿಗಳು ಬರುವುದು ಹಳೆಯ ರೂಢಿ. ಅವರ ನೋಂದಣಿ ಪೊಲೀಸ್ ಕಮಿಷನರ್ ಕಚೇರಿಯ ವಿದೇಶಿಯರ ವಿಭಾಗದಲ್ಲಿ. ವೀಸಾ ಮುಗಿದರೆ, ಹಾಜರಿ ತಪ್ಪಿದರೆ, ಯಾವುದೋ ಮೆರವಣಿಗೆಯಲ್ಲಿ ಕಂಡರೆ ಬರುವುದು ಒಂದು ಹಾಳೆಯ 'ದೇಶ ಬಿಡಿ' ನೋಟಿಸು. 2020ರಲ್ಲಿ ಕಲ್ಕತ್ತದಲ್ಲಿ ಓದುತ್ತಿದ್ದ ಪೋಲೆಂಡಿನ ವಿದ್ಯಾರ್ಥಿಗೆ ಅಂಥದ್ದೊಂದು ಬಂತು. ಪೌರತ್ವ ತಿದ್ದುಪಡಿ ಕಾಯಿದೆಯ ವಿರುದ್ಧದ ಸಭೆಯೊಂದರಲ್ಲಿ ಕಾಣಿಸಿಕೊಂಡದ್ದು ತಪ್ಪು. ಅದೇ ಮಾರ್ಚ್ 18ರಂದು ಕಲ್ಕತ್ತ ಹೈಕೋರ್ಟು ಆ ನೋಟಿಸನ್ನು ರದ್ದುಗೊಳಿಸಿತು. ಮುಲ್ಲರ್ ಮುಚ್ಚಿದ ಬಾಗಿಲಲ್ಲಿ ಕಂಡ ಬಿರುಕು ಇದು: ಹೊರಹಾಕುವ ಅಧಿಕಾರ ಸರಕಾರದ್ದೇ, ಆದರೆ ಅದನ್ನು ಮನಸೋ ಇಚ್ಛೆ ಬಳಸಿದರೆ ಹೈಕೋರ್ಟು ಕೇಳಬಹುದು.

ಅದೇ ವರ್ಷ ಮೇ 19ರಂದು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಕೆ.ಎನ್. ಫಣೀಂದ್ರ ಅವರು ಬಾಬುಲ್ ಖಾನ್ ಪ್ರಕರಣದಲ್ಲಿ ತೀರ್ಪು ಕೊಟ್ಟರು. ಅಕ್ರಮವಾಗಿ ಬಂದರೆಂಬ ಆರೋಪದ ವಿದೇಶಿಯರನ್ನು ಹಿಡಿದ ದಿನದಿಂದ ಗಡಿ ದಾಟಿಸುವ ದಿನದವರೆಗೆ ಪೊಲೀಸರು, ಮ್ಯಾಜಿಸ್ಟ್ರೇಟರು, ಜೈಲಿನವರು ಏನೇನು ಮಾಡಬೇಕು, ಜೊತೆಗಿರುವ ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕು ಎಂದು ಅದು ವಿವರಿಸಿತು. ನೆಲಮಂಗಲದ ಹತ್ತಿರದ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಳೆಯ ಹಾಸ್ಟೆಲ್ಲೊಂದು ವಿದೇಶಿಯರ ಬಂಧನ ಕೇಂದ್ರವಾಗಿ ಆಗಷ್ಟೇ ಸಿದ್ಧವಾಗಿತ್ತು.

2025ರ ಸೆಪ್ಟೆಂಬರ್ 1ರಿಂದ 1946ರ ಕಾಯಿದೆ ಇಲ್ಲ. ಅದೂ ಸೇರಿ ನಾಲ್ಕು ಹಳೆಯ ಕಾಯಿದೆಗಳ ಜಾಗಕ್ಕೆ ವಲಸೆ ಮತ್ತು ವಿದೇಶಿಯರ ಕಾಯಿದೆ ಬಂದಿದೆ. ವಿದೇಶಿಯಲ್ಲವೆಂದು ತೋರಿಸುವ ಹೊಣೆ ಈಗಲೂ ಆ ಮನುಷ್ಯನದ್ದೇ. ಅದು ಜಾರಿಗೆ ಬರುವ ಮೊದಲು, ಆ ಬೇಸಿಗೆಯಲ್ಲೇ, ಬಂಗಾಳಿ ಮಾತಾಡುವ ಕೂಲಿಗಳನ್ನು ಊರೂರಲ್ಲಿ ಹಿಡಿದು ಗಡಿಗೆ ಸಾಗಿಸುವುದು ನಡೆದಿತ್ತು. ಜುಲೈಯಲ್ಲಿ ಪುಣೆಯ ಚಂದನ್ ನಗರದಲ್ಲಿ ಕಾರ್ಗಿಲ್‌ನಲ್ಲಿ ಹೋರಾಡಿದ ಮಾಜಿ ಸೈನಿಕನೊಬ್ಬನ ಕುಟುಂಬದ ಮನೆಗೆ ರಾತ್ರಿ ಗುಂಪೊಂದು ನುಗ್ಗಿ ಭಾರತೀಯರೆಂಬುದಕ್ಕೆ ದಾಖಲೆ ತೋರಿಸಿ ಎಂದು ಕೇಳಿದ್ದಾಗಿ ಆ ಮನೆಯವರು ದೂರಿದರು.

ದೆಹಲಿಯಲ್ಲಿ ಹಿಡಿದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬಳನ್ನು, ಗಂಡ ಮತ್ತು ಎಂಟು ವರ್ಷದ ಮಗನ ಜೊತೆ, ಜೂನ್ ಕೊನೆಯಲ್ಲಿ ಬಾಂಗ್ಲಾದೇಶಕ್ಕೆ ದಾಟಿಸಿದ್ದರು. ಮೇ 2ರ ಗೃಹ ಸಚಿವಾಲಯದ ಸುತ್ತೋಲೆಯೇ, ಶಂಕಿತ ವ್ಯಕ್ತಿ ಹೇಳುವ ರಾಜ್ಯಕ್ಕೆ ಬರೆದು 30 ದಿನ ವಿಚಾರಿಸಬೇಕು ಎಂದಿತ್ತು. ಅಷ್ಟು ದಿನ ಯಾರೂ ಕಾಯಲಿಲ್ಲ. ಸೆಪ್ಟೆಂಬರ್ 26ರಂದು ಕಲ್ಕತ್ತ ಹೈಕೋರ್ಟು ಗಡೀಪಾರಿನ ಆಜ್ಞೆಯನ್ನು ರದ್ದು ಮಾಡಿ, ನಾಲ್ಕು ವಾರದಲ್ಲಿ ವಾಪಸು ಕರೆತನ್ನಿ ಎಂದಿತು. ಆದರೆ ಹೋದವರು ಆಗ ಇನ್ನೊಂದು ದೇಶದ ಜೈಲಿನಲ್ಲಿದ್ದರು, ಇಲ್ಲಿನ ಕೋರ್ಟಿನ ರಿಟ್ಟು ಅಲ್ಲಿ ನಡೆಯುವುದಿಲ್ಲ. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಡಿಸೆಂಬರ್ 5ರಂದು ತಾಯಿ ಮಗ ಇಬ್ಬರು ಮಾಲ್ದಾ ಗಡಿಯಿಂದ ಒಳಗೆ ಬಂದರು, ಮಾನವೀಯ ನೆಲೆಯಲ್ಲಿ ಎಂದು ಸರಕಾರ ಸ್ಪಷ್ಟಪಡಿಸಿತು. ಅವರು ಭಾರತದ ಪೌರರು ಎಂದು ಒಪ್ಪಿದ್ದಲ್ಲ. ಗಂಡ ಅಂದು ಜೊತೆಯಲ್ಲಿ ಬರಲಿಲ್ಲ.